ಎಡಗೈಯವರ ಫ್ರೀವೀಲು

ಹೋದ ತಿಂಗಳು ಉಪ್ಪಾರಹಳ್ಳಿಯ ನಮ್ಮ ಮನೆಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಕಾಲಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಕಾಲು ಊರಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮಗಳು ಸುಧಾ ವೀಲ್‌ಚೇರ್ ತರಿಸಿದ್ದಳು. ನಾನು ಮಂಚದ ಮೇಲೆ ಕೂತೇ ಹಳೆಯ ಸ್ಪ್ಯಾನರ್ ಪೆಟ್ಟಿಗೆ ಕೊಡು ಎಂದೆ. ಮೂವತ್ತೆಂಟು ವರ್ಷ ಗುಬ್ಬಿಯ ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡಿದವನು ನಾನು. ನನ್ನ ಗಾಡಿಯನ್ನು ಬೇರೆ ಯಾರೋ ಜೋಡಿಸುವುದೇ?

"ಜೋಡಿಸೋದೇನೂ ಇಲ್ಲಪ್ಪ" ಎಂದು ಸುಧಾ ಪೆಟ್ಟಿಗೆ ಬಿಚ್ಚಿ, ಕುರ್ಚಿಯ ಎರಡು ಕೈಗಳನ್ನು ಹಿಡಿದು ಅಗಲಿಸಿದಳು. ಟಕ್ ಅಂತು. ಗಾಡಿ ಸಿದ್ಧ. ನನ್ನ ಸ್ಪ್ಯಾನರು ಕೈಯಲ್ಲೇ ಉಳಿಯಿತು.

ಆದರೆ ಅದರ ಹೊಸ ಟೈರಿನ ವಾಸನೆ, ಅದರ ಜೊತೆಗೆ ಸ್ವಲ್ಪ ಗ್ರೀಸು, ಸ್ವಲ್ಪ ಬಣ್ಣದ ವಾಸನೆ ಕೋಣೆ ತುಂಬಿತು. ಇಪ್ಪತ್ತು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ ನಮ್ಮ ಅಂಗಡಿಯಲ್ಲಿ ಹದಿನೈದು ದಿನ ಇದ್ದದ್ದು ಇದೇ ವಾಸನೆ. ಆ ಮಳೆಗಾಲದಲ್ಲಿ ನಾನು ಒಂದು ತಪ್ಪು ಮಾಡಿದೆ, ಅದನ್ನು ಮುಚ್ಚಲು ಸುಳ್ಳು ಹೇಳಿದೆ. ಮಗಳಿಗೆ ಕೂಡ ಇದುವರೆಗೆ ಹೇಳಿಲ್ಲ. ಬರೆಯುತ್ತೇನೆ, ಅವಳೂ ಓದಲಿ.

ನಾನು ಎಸ್‌ಎಸ್‌ಎಲ್‌ಸಿ ಪಾಸಾದವನು. ನಮ್ಮ ಅಂಗಡಿಯಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದವನು ನಾನೊಬ್ಬನೇ ಆದ್ದರಿಂದ ನನಗೆ ಒಳ್ಳೆಯ ಜಂಭ ಇತ್ತು. ಸೈಕಲ್ ಅಂಗಡಿ ಎಂದರೆ ಬರೀ ಸೈಕಲ್ ಅಲ್ಲ. ನಡೆಯಲಾಗದವರ ಸಾಮಾನೆಲ್ಲ ಕಡೆಗೆ ಬರುವುದು ನಮ್ಮ ಬಾಗಿಲಿಗೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುದುಕರು ಊರುಗೋಲಿಗೆ ರಬ್ಬರ್ ಟೋಪಿ ಹಾಕಿಸಲು ಬರುತ್ತಿದ್ದರು; ಹಳೆಯ ಟೈರು ಕತ್ತರಿಸಿ ಮೊಳೆ ಹೊಡೆದು ಕೊಡುತ್ತಿದ್ದೆವು. ಕಂಕುಳ ಕೋಲು ಬಂದರೆ ಅದರ ತಲೆಗೆ ಸೈಕಲ್ ಟ್ಯೂಬು ಸುತ್ತಿ ಮೇಲೆ ಹಳೆ ಸೀರೆಯ ತುಂಡು ಹೊಲಿಸಬೇಕು, ಇಲ್ಲದಿದ್ದರೆ ಕಂಕುಳು ಹುಣ್ಣಾಗುತ್ತದೆ. ಕಾಲಿಲ್ಲದವರಿಗೆ ಹಲಗೆ ಗಾಡಿ. ಒಂದು ಚೌಕ ಹಲಗೆ, ಕೆಳಗೆ ಲಾರಿಯ ನಾಲ್ಕು ಹಳೇ ಬೇರಿಂಗು, ಅದರ ಮೇಲೆ ಕೂತು ಕೈಯಲ್ಲಿ ನೆಲ ಒತ್ತಿ ಹೋಗುವುದು. ಊರಿನ ಒಬ್ಬ ಪಟೇಲರು ತಮ್ಮ ತೇಗದ ಕುರ್ಚಿಗೇ ಎರಡು ಸೈಕಲ್ ಚಕ್ರ ಕೂರಿಸಿಕೊಂಡಿದ್ದರು. ಅದು ಅರ್ಧ ಸಿಂಹಾಸನ, ಅರ್ಧ ತಳ್ಳುಗಾಡಿ. ಆಸ್ಪತ್ರೆಯ ಕಬ್ಬಿಣದ ಮಡಚುವ ಕುರ್ಚಿಗಳು ಆಮೇಲೆ ಬಂದವು. ಅವುಗಳ ಮುಂದಿನ ಪುಟ್ಟ ಗಾಲಿ ನಮ್ಮ ರಸ್ತೆಗಳಲ್ಲಿ ಒಂದು ಮಳೆಗಾಲ ತಡೆಯುತ್ತಿರಲಿಲ್ಲ. ಅದಾದ ಮೇಲೆ ಕೈಯಿಂದ ತಿರುಗಿಸುವ ಮೂರು ಚಕ್ರದ ಸೈಕಲ್, ಆಮೇಲೆ ಹಿಂದೆ ಎರಡು ಗಾಲಿ ಸೇರಿಸಿದ ಸ್ಕೂಟರು, ಈಗ ಬ್ಯಾಟರಿಯದು. ಇದೆಲ್ಲ ನನ್ನ ಕೈ ಮೇಲೆ ಹಾದುಹೋದ ಚರಿತ್ರೆ. ಅಷ್ಟು ವರ್ಷದಲ್ಲಿ ಒಂದು ಕೆಟ್ಟ ರೂಢಿ ಮಾತ್ರ ನನಗೆ ಹತ್ತಿಬಿಟ್ಟಿತ್ತು. ಗಾಡಿ ಹೇಗಿರಬೇಕು ಎಂದು ನಾನು ತಳ್ಳುವವರನ್ನು ಕೇಳುತ್ತಿದ್ದೆ, ಕೂರುವವರನ್ನು ಕೇಳುತ್ತಿರಲಿಲ್ಲ.

ಆ ವರ್ಷ ಆಷಾಢದಲ್ಲಿ ಗುಬ್ಬಿಯ ಹೈಸ್ಕೂಲ್ ಮೈದಾನದಲ್ಲಿ ನಲವತ್ತು ಜನಕ್ಕೆ ಮೂರು ಚಕ್ರದ ಸೈಕಲ್ ಹಂಚುವ ಶಿಬಿರ ಎಂದಾಯಿತು. ಬಿಡಿಭಾಗಗಳು ಗೋಣಿಯಲ್ಲಿ ಬಂದವು, ಜೋಡಿಸುವ ಕೆಲಸ ನಮ್ಮ ಯಜಮಾನರು ಸದಾಶಿವಯ್ಯನವರಿಗೆ ಸಿಕ್ಕಿತು, ಅವರಿಂದ ನನಗೆ. ಆ ಗಾಡಿಯ ರಚನೆ ಸರಳ. ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಒಂದು. ಸೀಟಿನ ಮುಂದೆ ಒಂದು ಬದಿಯಲ್ಲಿ ಕೈ ಪೆಡಲು. ಅದನ್ನು ಒಂದು ಕೈಯಲ್ಲಿ ತಿರುಗಿಸಿದರೆ ಚೈನು ಹಿಂದಿನ ಚಕ್ರವನ್ನು ಎಳೆಯುತ್ತದೆ. ಇನ್ನೊಂದು ಕೈಯಲ್ಲಿ ಹ್ಯಾಂಡಲು ಹಿಡಿದು ದಾರಿ ತಿರುಗಿಸಬೇಕು. ಚೌಕಟ್ಟಿನ ಎರಡೂ ಬದಿಗೆ ತೂತುಗಳಿದ್ದವು, ಪೆಡಲನ್ನು ಎಡಕ್ಕಾದರೂ ಕೂರಿಸಬಹುದು, ಬಲಕ್ಕಾದರೂ ಕೂರಿಸಬಹುದು. ಒಬ್ಬೊಬ್ಬರದೂ ಒಂದು ಕಾಗದ ಇತ್ತು. ಹೆಸರು, ಊರು, ಎತ್ತರ, ಕಡೆಯಲ್ಲಿ 'ಬಲವಾದ ಕೈ: ಎಡ / ಬಲ'. ಮೂವತ್ತೇಳು ಕಾಗದದಲ್ಲಿ ಬಲ ಎಂದಿತ್ತು. ಮೂರರಲ್ಲಿ ಎಡ.

ಗೋಣಿಯ ತಳದಲ್ಲಿ ಒಂದು ಸಣ್ಣ ಬಟ್ಟೆ ಚೀಲ ಸಿಕ್ಕಿತು. ಅದರಲ್ಲಿ ಮೂರು ಫ್ರೀವೀಲು. ಫ್ರೀವೀಲು ಎಂದರೆ ಹಿಂದಿನ ಚಕ್ರದ ಹಲ್ಲಿನ ಬಿಲ್ಲೆ. ಪೆಡಲು ತುಳಿದಾಗ ಚಕ್ರವನ್ನು ಹಿಡಿದು ಎಳೆಯುತ್ತದೆ, ತುಳಿಯುವುದು ನಿಲ್ಲಿಸಿದರೆ ಕಟಕಟ ಎಂದು ಬಿಟ್ಟುಕೊಡುತ್ತದೆ. ನಾನು ಒಂದನ್ನು ಬೆರಳಿನಲ್ಲಿ ತಿರುಗಿಸಿ ನೋಡಿದೆ. ಹಿಡಿಯಬೇಕಾದ ಕಡೆ ಬಿಡುತ್ತಿತ್ತು, ಬಿಡಬೇಕಾದ ಕಡೆ ಹಿಡಿಯುತ್ತಿತ್ತು. ಮೂರೂ ಹಾಗೇ.

"ಯಜಮಾನ್ರೇ, ಮಾಲು ಕೆಟ್ಟೈತೆ. ಉಲ್ಟಾ ತಿರುಗ್ತವೆ" ಎಂದೆ.

"ನಿನಗಿಂತ ಬಲ್ಲೋರು ಯಾರು ರಂಗಪ್ಪ, ನೋಡ್ಕೊ" ಎಂದರು ಅವರು.

ಮೂರನ್ನೂ ಗುಜರಿ ಡಬ್ಬಕ್ಕೆ ಎಸೆದೆ. ಅಂಗಡಿಯಲ್ಲಿದ್ದ ಮಾಮೂಲಿ ಫ್ರೀವೀಲು ಹಾಕಿ ನಲವತ್ತು ಗಾಡಿಗೂ ಬಲಕ್ಕೇ ಪೆಡಲು ಕೂರಿಸಿದೆ. ಎಡ ಎಂದು ಬರೆದ ಕಾಗದ ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದಿಲ್ಲ ಎಂದು ಹೇಳಿ ಪಾರಾಗುವುದಿಲ್ಲ. ಗಾಡಿ ಓಡಿಸುವುದಕ್ಕೆ ಎಡಗೈ ಯಾಕೆ, ನಾಲ್ಕು ದಿನದಲ್ಲಿ ಅಭ್ಯಾಸ ಆಗುತ್ತೆ ಬಿಡು ಎಂದುಕೊಂಡೆ. ಒಳ್ಳೆಯ ಕೆಲಸಕ್ಕೆಲ್ಲ ಬಲಗೈ ಎಂದು ಚಿಕ್ಕಂದಿನಿಂದ ಹೇಳಿಸಿಕೊಂಡು ಬೆಳೆದವನು, ಪೆಡಲಿಗೂ ಅದೇ ನಿಯಮ ಹಾಕಿಬಿಟ್ಟೆ.

ಶಿಬಿರದ ದಿನ ಶಾಮಿಯಾನ ಹಾಕಿದ್ದರು. ಸಾಲಾಗಿ ನಿಂತ ಗಾಡಿಗಳಿಗೆ ಕುಂಕುಮ, ಚೆಂಡುಹೂವು, ಚಕ್ರದ ಕೆಳಗೆ ನಿಂಬೆಹಣ್ಣು. ಆಷಾಢದ ಗಾಳಿಗೆ ಶಾಮಿಯಾನ ಪಟಪಟ ಹೊಡೆದುಕೊಳ್ಳುತ್ತಿತ್ತು, ಭಾಷಣ ಯಾರಿಗೂ ಕೇಳಿಸಲಿಲ್ಲ, ಅದರಿಂದ ಎಲ್ಲರೂ ಖುಷಿಯಾಗಿದ್ದರು. ಸಿ.ಎಸ್. ಪುರದಿಂದ ಗಂಗಮ್ಮ ಎಂಬ ಹೆಂಗಸು ಬಂದಿದ್ದಳು. ಮೂವತ್ತರ ಒಳಗಿನ ವಯಸ್ಸು. ಪೋಲಿಯೋದಿಂದ ಎರಡು ಕಾಲೂ ಬಲಗೈಯೂ ಸೋತಿದ್ದವು. ತಾಯಿ ಹೊನ್ನಮ್ಮ ಅವಳನ್ನು ಬೆನ್ನ ಮೇಲೆ ಹೊತ್ತು ಬಸ್ಸಿಳಿಸಿಕೊಂಡು ಬಂದಿದ್ದಳು. ಪುಸ್ತಕದಲ್ಲಿ ಸಹಿ ಹಾಕು ಎಂದರೆ ಗಂಗಮ್ಮ ಎಡಗೈಯಲ್ಲಿ ಪೆನ್ನು ಹಿಡಿದು ಮುತ್ತು ಪೋಣಿಸಿದ ಹಾಗೆ ಹೆಸರು ಬರೆದಳು. ಅದನ್ನು ಪಕ್ಕದಲ್ಲೇ ನಿಂತು ನೋಡಿದೆ. ಆಮೇಲೆ ಗಾಡಿಯ ಮೇಲೆ ಕೂರಿಸಿದೆವು.

ಕೂತವಳು ಪೆಡಲು ನೋಡಿ ಹೇಳಿದಳು, "ಅಣ್ಣ, ನಾನು ಎಡ ಅಂತ ಬರ್ಸಿದ್ದೆ. ಇದು ಬಲಗೈದು ಕಣಣ್ಣ."

"ಕಂಪ್ನಿಯೋರು ಕಳ್ಸಿರೋದೇ ಹಿಂಗೆ ತಾಯಿ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ ಆಗಬೇಕಿತ್ತು, ಆಗಲಿಲ್ಲ.

"ಹಂಗಾದ್ರೆ ಬದ್ಲಾಯ್ಸಿಕೊಡ್ರಣ್ಣ. ಈ ಕೈ ಎತ್ತೋಕೇ ಬರಲ್ಲ ನಂಗೆ."

ಸಾಲು ಉದ್ದ ಇತ್ತು. ಎಲ್ಲರೂ ನೋಡುತ್ತಿದ್ದರು. "ಪುಕ್ಸಟ್ಟೆ ಸಿಕ್ಕಿರೋ ಎಮ್ಮೆಗೆ ಎಡಗೊಂಬು ಬಲಗೊಂಬು ಅಂತ ಯಾರಾದ್ರೂ ನೋಡ್ತಾರೇನಮ್ಮ?" ಎಂದೆ. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಗಂಗಮ್ಮ ನಗಲಿಲ್ಲ. ಎಡಗೈಯಲ್ಲಿ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, "ತಳ್ಳವ್ವ, ಹೋಗಾನ" ಎಂದಳು.

ಶ್ರಾವಣದಲ್ಲಿ ಮಳೆ ಜೋರಾಯಿತು. ಗಾಡಿಗಳ ಚೈನು ಬಿಗಿ ಮಾಡಿ ಎಣ್ಣೆ ಬಿಟ್ಟು ಬರಲು ಯಜಮಾನರು ನನ್ನನ್ನು ಊರೂರಿಗೆ ಕಳುಹಿಸಿದರು. ಆ ತಿರುಗಾಟದಲ್ಲಿ ನಕ್ಕಷ್ಟು ನಾನು ಯಾವಾಗಲೂ ನಕ್ಕಿಲ್ಲ. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಾತ ಗಾಡಿಯ ಹಿಂದೆ ಹಲಗೆ ಕಟ್ಟಿ ಹಲಸಿನ ತೊಳೆ ಮಾರುತ್ತಿದ್ದ, ಅವನ ಸುತ್ತ ನೊಣ, ನೊಣದ ಸುತ್ತ ಗಿರಾಕಿ. ಇನ್ನೊಂದು ಊರಿನಲ್ಲಿ ಗಾಡಿಯ ಯಜಮಾನ ಎರಡು ಕೊಡ ನೀರು ಹೊತ್ತು ತರುವ ಕೆಲಸ ಹಿಡಿದಿದ್ದ, ಮನೆಯಲ್ಲಿ ಅವನ ಬೆಲೆ ಏರಿಹೋಗಿತ್ತು. "ಮೊದ್ಲು ಮೂಲೆಯಾಗೆ ಕೂತಿರು ಅಂತಿದ್ಲು ನನ್ನೆಂಡ್ರು. ಈಗ ಇನ್ನೂ ಯಾಕೆ ಬರ್ಲಿಲ್ಲ ಅಂತಾಳೆ" ಎಂದು ಅವನು ಹೆಮ್ಮೆಯಿಂದ ದೂರಿದ. ರಾಗಿ ಪೈರು ಹಸಿರಾಗಿತ್ತು, ಹೊಲಗಳಲ್ಲಿ ಕುಂಟೆ ಹೊಡೆಯುತ್ತಿದ್ದರು. ಹೋದ ಕಡೆಯೆಲ್ಲ ಕಾಫಿ ಕೊಟ್ಟರು. ನಾನೇ ಎಲ್ಲರಿಗೂ ಕಾಲು ಕೊಟ್ಟವನ ಹಾಗೆ ಬೀಗುತ್ತ ಸಿ.ಎಸ್. ಪುರಕ್ಕೆ ಬಂದೆ.

ಗಂಗಮ್ಮನ ಗಾಡಿ ಜಗುಲಿಯ ಮೇಲಿತ್ತು. ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು.

"ಅದನ್ನ ಎಬ್ಬಿಸಬ್ಯಾಡಿ. ಅದೊಂದಕ್ಕೆ ಸರಿಯಾಗಿ ಹೊಂದೈತೆ ಗಾಡಿ" ಎಂದಳು ಗಂಗಮ್ಮ ಬಾಗಿಲ ಹತ್ತಿರದಿಂದ. ಅವಳು ಹಲಗೆ ಗಾಡಿಯ ಮೇಲೆ ಕೂತಿದ್ದಳು. ಬೇರಿಂಗುಗಳಿಗೆ ಕೆಸರು ಮೆತ್ತಿ ಗಟ್ಟಿಯಾಗಿತ್ತು. ಅವಳ ಎಡ ಅಂಗೈ ನೆಲ ಒತ್ತಿ ಒತ್ತಿ ಬಿರಿದಿತ್ತು.

ಹೊನ್ನಮ್ಮ ನೀರು ತಂದುಕೊಟ್ಟು ವಿಷಯ ಹೇಳಿದಳು. ಊರಿನ ಹಾಲಿನ ಡೈರಿಯಲ್ಲಿ ಸ್ಯಾಂಪಲ್ ನೋಡುವ ಟೆಸ್ಟರ್ ಕೆಲಸ ಖಾಲಿ ಇತ್ತು. ಲೆಕ್ಕ ಬರವಣಿಗೆಯಲ್ಲಿ ಗಂಗಮ್ಮನನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಸೆಕ್ರೆಟರಿ ಮರುಳಪ್ಪನಿಗೆ ಅವಳನ್ನೇ ತಗೊಳ್ಳುವ ಮನಸ್ಸು. ಆದರೆ ಕಮಿಟಿಯವರು, ಬೆಳಿಗ್ಗೆ ಆರಕ್ಕೂ ಸಾಯಂಕಾಲ ಐದಕ್ಕೂ ಡೈರಿ ತೆರೆಯಬೇಕು, ತಾಯಿಗೆ ಒಂದು ದಿನ ಜ್ವರ ಬಂದರೆ ಇವಳನ್ನು ಹೊತ್ತು ತರುವವರು ಯಾರು ಎಂದು ತಕರಾರು ತೆಗೆದಿದ್ದರು. ಗೌರಿ ಹಬ್ಬದ ದಿನದೊಳಗೆ ತಾನೇ ತಾನಾಗಿ ಡೈರಿಗೆ ಬಂದು ತೋರಿಸಿದರೆ ಕೆಲಸ, ಇಲ್ಲದಿದ್ದರೆ ಬೇರೆಯವರಿಗೆ. ಮನೆಯಿಂದ ಡೈರಿ ಎರಡು ಫರ್ಲಾಂಗು. ಬೇಸಿಗೆಯಲ್ಲಾದರೆ ಹಲಗೆಯಲ್ಲೇ ಹೋಗುತ್ತಿದ್ದಳು. ಮಳೆಗಾಲದ ಆ ಕೆಸರಿನಲ್ಲಿ ಹಲಗೆ ಹತ್ತು ಮಾರು ಹೋಗುತ್ತಿರಲಿಲ್ಲ.

"ಗಾಡಿ ಬತ್ತದೆ ಅಂತ ಹೇಳೇ ಕಮಿಟಿಯೋರ ತಾವ ಒಪ್ಕಂಡಿದ್ದು" ಎಂದಳು ಹೊನ್ನಮ್ಮ. "ಬಂತು. ಏನ್ ಬಂತು?"

ನೀರಿನ ಲೋಟ ಕೆಳಗಿಟ್ಟೆ. ಹಬ್ಬಕ್ಕೆ ಒಂಬತ್ತು ದಿನ ಇತ್ತು. "ಇದೇನ್ ಮಹಾ, ಒಂದು ಗಂಟೆ ಕೆಲಸ" ಎಂದು ಎದ್ದೆ. ಕೋಳಿಯನ್ನು ಮೊಟ್ಟೆ ಸಮೇತ ಕುಕ್ಕೆಗೆ ವರ್ಗ ಮಾಡಿ, ಪೆಡಲು ಬಿಚ್ಚಿ ಎಡಕ್ಕೆ ಕೂರಿಸಿದೆ. ಚೈನು, ಫ್ರೀವೀಲು ಎಲ್ಲ ಎಡ ಚಕ್ರಕ್ಕೆ ಹಾಕಿ ಬಿಗಿ ಮಾಡಿದೆ. ಗಂಗಮ್ಮನ ಮುಖ ಅರಳಿತು. ಗಾಡಿ ಹತ್ತಿ ಕೂತು ಎಡಗೈಯಲ್ಲಿ ಪೆಡಲು ಮುಂದಕ್ಕೆ ತಿರುಗಿಸಿದಳು. ಕಟಕಟ ಅಂತು, ಗಾಡಿ ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದಳು. ಕಟಕಟಕಟ. ಏನಾಯಿತೆಂದು ಪೆಡಲನ್ನು ಹಿಂದಕ್ಕೆ ತಿರುಗಿಸಿದಳು ನೋಡಿ, ಗಾಡಿ ಬಾಣದ ಹಾಗೆ ಹಿಂದಕ್ಕೆ ಹೊರಟಿತು. ಮನೆಯ ಹಿತ್ತಿಲ ಕಡೆ ಇಳಿಜಾರು. ನಾನು ಓಡಿ ಹಿಡಿಯುವುದರೊಳಗೆ ಗಾಡಿ, ಗಂಗಮ್ಮ ಇಬ್ಬರೂ ತಿಪ್ಪೆಯಲ್ಲಿದ್ದರು.

ಗಂಗಮ್ಮ ತಿಪ್ಪೆಯ ಮೇಲೆ ಮಹಾರಾಣಿಯ ಹಾಗೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. "ರಂಗಣ್ಣ, ಡೈರಿ ಆ ಕಡೆ ಐತೆ ಕಣಣ್ಣ! ಹಿಂಗೋದ್ರೆ ಗೌರಿ ಹಬ್ಬಕ್ಕೆ ತುಮಕೂರಾಗಿರ್ತೀನಿ!"

ಹೊನ್ನಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಗಲು ಬಾಯಿ ತೆರೆದೆ. ಆಗ ನನಗೆ ಹೊಳೆಯಿತು.

ಫ್ರೀವೀಲು ಬಲ ಬದಿಗೆ ಮಾಡಿದ್ದು. ಅದನ್ನು ಎಡ ಬದಿಗೆ ಹಾಕಿದರೆ ಮಗ್ಗುಲು ಬದಲಾಗಿ ಉಲ್ಟಾ ಹಿಡಿಯುತ್ತದೆ. ಎಡ ಬದಿಗೆ ಬೇಕಾದದ್ದು ಉಲ್ಟಾ ತಿರುಗುವ ಫ್ರೀವೀಲು. ಬಟ್ಟೆ ಚೀಲದಲ್ಲಿ ಪ್ರತ್ಯೇಕವಾಗಿ ಮೂರು ಕಳುಹಿಸಿದ್ದರು, ಎಡ ಎಂದು ಬರೆಸಿದ ಮೂರು ಜನಕ್ಕೆ. ಅದರ ಮೇಲೆ ಇಂಗ್ಲಿಷಿನಲ್ಲಿ ಎಲ್ ಎಂದು ಕೊರೆದಿತ್ತು. ನಾನು ಓದಿದ್ದೆ. ಓದಿ, ಕಂಪನಿಯ ಹೆಸರಿನ ಮೊದಲ ಅಕ್ಷರ ಇರಬೇಕು ಎಂದುಕೊಂಡಿದ್ದೆ. ಕಂಪನಿಯವರು ತಪ್ಪು ಮಾಡಿರಲಿಲ್ಲ. ಅಂಗಡಿಯ ಪಂಡಿತ ನಾನು ಸರಿಯಾದ ಮಾಲನ್ನು ಗುಜರಿಗೆ ಹಾಕಿದ್ದೆ.

"ಒಂದು ಸಾಮಾನು ಬೇಕು. ತಂದು ಹಾಕ್ತೀನಿ" ಎಂದೆ ತಲೆ ತಗ್ಗಿಸಿ.

"ಕಂಪ್ನಿಯಿಂದಾನಾ?"

"ಹೂಂ. ಕಂಪ್ನಿಯಿಂದ."

"ಆ ಕಂಪ್ನಿಯೋನಿಗೆ ಬೆನ್ನು ತುಂಬ ತುರಿಕೆ ಎದ್ದು, ಬಲಗೈ ಮೇಲೇಳದಂಗಾಗ್ಲಿ" ಎಂದಳು ಗಂಗಮ್ಮ, ತಿಪ್ಪೆಯಿಂದ ಇಳಿಯುತ್ತ. ನಾನು ಗೊತ್ತಿಲ್ಲದೆಯೇ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಗುಬ್ಬಿಗೆ ಬಂದು ಗುಜರಿ ಡಬ್ಬ ನೋಡಿದರೆ ಖಾಲಿ. "ವಾರಕ್ಕೆ ಮೊದ್ಲೇ ಕುಣಿಗಲ್ ಸಾಬ್ರು ಬಂದು ತುಂಬ್ಕೊಂಡು ಹೋದ್ರಲ್ಲಪ್ಪ" ಎಂದರು ಸದಾಶಿವಯ್ಯನವರು. "ಯಾಕೆ, ಏನಾರ ಬೇಕಿತ್ತಾ?" ನಾನು ಏನೂ ಇಲ್ಲ ಎಂದೆ. ಇದು ಮೂರನೆಯ ಸುಳ್ಳು. ಒಂದು ಹೇಳಿದ ಮೇಲೆ ಅದಕ್ಕೆ ನೆಂಟರು ಬರುತ್ತಾ ಹೋಗುತ್ತಾರೆ.

ಮಾರನೆಯ ದಿನ ರಜೆ ಹಾಕಿ ಕುಣಿಗಲ್‌ಗೆ ಹೋದೆ. ಕೆರೆ ತುಂಬಲು ಬಂದಿತ್ತು, ಏರಿಯ ಮೇಲೆ ಗಾಳಿ ಬೀಸಿದರೆ ಪಂಚೆ ನಿಲ್ಲುತ್ತಿರಲಿಲ್ಲ. ರಹೀಮ್ ಸಾಬರ ಗುಜರಿ ಅಂಗಡಿಯ ಹಿಂದೆ ಕಬ್ಬಿಣದ ಗುಡ್ಡವೇ ಇತ್ತು. ಬಕೆಟ್ಟು, ಮಂಚದ ಕಾಲು, ಕುದುರೆ ಲಾಳ, ಸಾವಿರ ಸೈಕಲ್ಲಿನ ಸಾವಿರ ಅಂಗ. ಬೆಳಿಗ್ಗೆಯಿಂದ ಮಳೆ ನೆನೆಯುತ್ತ ಕೆದಕಿದೆ. ಸಿಕ್ಕಿದ ಫ್ರೀವೀಲನ್ನೆಲ್ಲ ತಿರುಗಿಸಿ ನೋಡಿದೆ, ಎಲ್ಲ ಬಲದವೇ. ಮಾರನೆಯ ದಿನ ಮತ್ತೆ ಹೋದೆ. ಮೂರನೆಯ ದಿನ ಹೋದಾಗ ರಹೀಮ್ ಸಾಬರು, "ಏನಪ್ಪಾ ರಂಗಣ್ಣ, ನಿಧಿ ಗಿಧಿ ಹೂತಿದ್ದಾರಾ ಹೆಂಗೆ? ಸಿಕ್ರೆ ಅರ್ಧ ನಂದು. ಮೊದ್ಲು ಚಾ ಕುಡಿ ಬಾ" ಎಂದು ಒಳಗೆ ಕರೆದರು.

ಚಾ ಕುಡಿಯುತ್ತ ಕೂತಾಗ ಗಾಳಿಗೆ ಅವರ ಬಿಲ್ ಪುಸ್ತಕದ ಹಾಳೆಗಳು ಹಾರಾಡಿದವು. ಹಾರಿಹೋಗದ ಹಾಗೆ ಅವುಗಳ ಮೇಲೆ ಏನೋ ಇಟ್ಟಿದ್ದರು. ನೋಡಿದೆ. ಮಿರಮಿರ ಉಜ್ಜಿದ ಒಂದು ಫ್ರೀವೀಲು, ಅದರ ಮೇಲೆ ಎಲ್. ಲೋಟ ಕೆಳಗಿಟ್ಟು ಅದನ್ನು ತಬ್ಬಿಕೊಳ್ಳುವುದೊಂದು ಬಾಕಿ.

"ಅದನ್ನ ಮಾತ್ರ ಕೊಡಲ್ಲ" ಎಂದರು ಸಾಬರು. "ನಾನು ಎಡಚ ಕಣಪ್ಪ. ಸುಮ್ನೆ ಕೂತಾಗ ಎಡಗೈಲಿ ತಿರುಗಿಸ್ತೀನಿ, ಎಷ್ಟು ಸಲೀಸು ಗೊತ್ತಾ? ನನ್ ಜಲ್ಮದಾಗೆ ನನ್ ಕೈಗೆ ಅಂತ್ಲೇ ಮಾಡಿದ ಸಾಮಾನು ಸಿಕ್ಕಿದ್ದು ಇದೊಂದೇಯ."

"ಇನ್ನೆರಡು?"

"ಅವು ಲೋಡಿನಾಗೆ ಹೋದ್ವು. ಕರಗಿ ಯಾವ್ದೋ ಮನೆ ಕಿಟಕಿ ಸರಳಾಗಿರ್ತವೆ ಈಗ."

ಆಗ ನಾನು ಎಲ್ಲ ಹೇಳಿದೆ. ಚೀಲದಿಂದ ಹಿಡಿದು ಎಮ್ಮೆಯ ಕೊಂಬಿನ ಮಾತು, ತಿಪ್ಪೆಯವರೆಗೆ. ಗುರುತು ಅಷ್ಟಕ್ಕಷ್ಟೆ ಇದ್ದವರ ಮುಂದೆ ಹೇಳುವುದು ಸುಲಭ ಎಂದು ಅವತ್ತು ಗೊತ್ತಾಯಿತು. ಸಾಬರು ಕೇಳಿಸಿಕೊಂಡು, ಫ್ರೀವೀಲನ್ನು ಒಂದು ಸಲ ಎಡಗೈಯಲ್ಲಿ ತಿರುಗಿಸಿ ನನ್ನ ಕೈಯಲ್ಲಿಟ್ಟರು. ಬಿಲ್ಲಿನ ಮೇಲೆ ಒಂದು ಕುದುರೆ ಲಾಳ ಇಟ್ಟರು.

"ಆಯಮ್ಮಂಗೆ ಹೇಳಿದ್ಯಾ?"

"ಇಲ್ಲ."

"ಹಂಗಾದ್ರೆ ಅರ್ಧ ಸಾಮಾನು ತಗೊಂಡು ಹೋಗ್ತಾ ಇದ್ದೀಯ" ಎಂದರು.

ಮನೆಯಲ್ಲಿ ಫ್ರೀವೀಲಿಗೆ ಎಣ್ಣೆ ಹಾಕಿ ಇಟ್ಟುಕೊಂಡು ನಾಲ್ಕು ದಿನ ಕಳೆದೆ. ಅಂಗಡಿಯಲ್ಲಿ ಕೆಲಸ ಇತ್ತು ಎಂದು ಬರೆಯಬಹುದು. ಕೆಲಸ ಇರಲಿಲ್ಲ, ಧೈರ್ಯ ಇರಲಿಲ್ಲ. ಹಬ್ಬದ ಹಿಂದಿನ ದಿನ ಬೆಳಗಿನ ಬಸ್ಸಿಗೆ ಹೋದೆ. ಬಸ್ಸಿನಲ್ಲಿ ಹಬ್ಬದ ಬಳೆ, ಬಾಳೆಲೆ, ಹೂವು. ಹೆಂಗಸರ ಗಲಾಟೆಯ ಮಧ್ಯೆ ನಾನು, 'ಕಂಪನಿಯಿಂದ ಬಂತು' ಎನ್ನುವ ಎರಡು ಪದ ಎಷ್ಟು ಚಿಕ್ಕದು ಎಂದು ಯೋಚಿಸುತ್ತ ಕೂತಿದ್ದೆ. ಅವಳಿಗೆ ಗಾಡಿ ಓಡಿದರೆ ಸಾಕಲ್ಲ, ಯಾರ ತಪ್ಪಾದರೇನು?

ಗಂಗಮ್ಮ ಫ್ರೀವೀಲು ನೋಡಿದ್ದೇ, "ಬಂದೇಬಿಡ್ತಾ! ಪರವಾಗಿಲ್ಲ ಕಣವ್ವ ಕಂಪ್ನಿಯೋರು. ನಾನು ಸುಮ್ನೆ ಬೈದೆ. ರಂಗಣ್ಣ, ನೀವು ಓದ್ದೋರು, ಅವ್ರಿಗೊಂದು ಕಾಗದ ಬರೀರಿ. ನಮ್ ರಂಗಣ್ಣನಂಥೋರು ಊರಿಗೊಬ್ರು ಇರ್ಬೇಕು ಅಂತಾನೂ ಸೇರ್ಸಿ" ಎಂದಳು.

ಬೈದಿದ್ದರೆ ಸುಳ್ಳು ಹೇಳಿಬಿಡುತ್ತಿದ್ದೆನೋ ಏನೋ. ಹೊಗಳಿದಳು, ತಡೆಯಲಾಗಲಿಲ್ಲ. ಜಗುಲಿಯ ಮೇಲೆ ಕೂತು ಹೇಳಿದೆ. ಎಡ ಅಂತ ಬರೆಸಿದ ಮೂರು ಜನಕ್ಕೂ ಕಂಪನಿಯವರು ಸರಿಯಾಗಿಯೇ ಕಳುಹಿಸಿದ್ದರು, ಕೆಟ್ಟ ಮಾಲು ಅಂತ ನಾನೇ ಎಸೆದೆ, ನಿನ್ನ ಕಾಗದದಲ್ಲಿ ಎಡ ಅಂತ ಇದ್ದದ್ದು ನೋಡಿಯೂ ನಾಲ್ಕು ದಿನದಲ್ಲಿ ಅಭ್ಯಾಸ ಆಗುತ್ತೆ ಅಂತ ಬಲಕ್ಕೆ ಹಾಕಿದೆ, ಶಿಬಿರದಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದೂ ಸುಳ್ಳು, ಮೊನ್ನೆ ಹೇಳಿದ್ದೂ ಸುಳ್ಳು.

ಹೊನ್ನಮ್ಮ ಒನಕೆ ಕೈಯಲ್ಲಿ ಹಿಡಿದೇ ನಿಂತಳು. ಗಂಗಮ್ಮ ಗಾಡಿಯ ಕಡೆ ನೋಡಿದಳು. ಅವಳ ಮೂಗಿನ ಹೊಳ್ಳೆ ಅದುರುತ್ತಿತ್ತು. ಅವಳ ಬಾಯಿಂದ ಬಂದ ಮುಂದಿನ ಮಾತಿನಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

"ಪೆಡಲು ಮತ್ತೆ ಬಲಕ್ಕೆ ಹಾಕು."

"ಯಾಕಮ್ಮ?"

"ಹಾಕು ಅಂದೆ."

ಹಾಕಿದೆ.

"ಈಗ ಹತ್ತಿ ಕೂತ್ಕೋ. ಅವ್ವ, ಇವನ ಬಲಗೈನ ಟವಲಾಗೆ ಬೆನ್ನಿಗೆ ಕಟ್ಟು. ಡೈರಿ ತಂಕ ಹೋಗು. ನಾನು ಹೆಂಗೆ ಹೋಗ್ಬೇಕು ಅಂತ ಮಾಡಿದ್ಯೋ ಹಂಗೆ."

ಹೊನ್ನಮ್ಮ ಒಂದು ಕ್ಷಣವೂ ತಡಮಾಡಲಿಲ್ಲ. ಗಂಟು ಎಷ್ಟು ಬಿಗಿ ಹಾಕಿದಳೆಂದರೆ ಭುಜ ಚುರುಗುಟ್ಟಿತು. ಎಡಗೈಯನ್ನು ಎದೆಯ ಮೇಲಿಂದ ಅಡ್ಡ ಹಾಯಿಸಿ ಬಲದ ಪೆಡಲು ಹಿಡಿದೆ. ಅರ್ಧ ಸುತ್ತು ಬಂತು. ಗಾಡಿ ಎಡಕ್ಕೆ ಎಳೆಯಿತು. ಹ್ಯಾಂಡಲು ಹಿಡಿಯಲು ಪೆಡಲು ಬಿಟ್ಟೆ, ಗಾಡಿ ನಿಂತಿತು. ಪೆಡಲು ಹಿಡಿದೆ, ದಾರಿ ತಪ್ಪಿತು. ತಿರುಗಿಸು, ಬಿಡು, ಹಿಡಿ, ತಿರುಗಿಸು. ಎರಡು ಮನೆ ದಾಟುವುದರೊಳಗೆ ಅರ್ಧ ಊರು ಬಾಗಿಲಿಗೆ ಬಂದಿತ್ತು.

"ಯಾರ್ಲಾ ಅದು, ಗುಬ್ಬಿ ರಂಗಪ್ಪ ಅಲ್ವಾ? ಏನಾಯ್ತಲಾ ಕೈಗೆ?"

"ಏನೂ ಆಗಿಲ್ಲ ಬುಡ್ರಿ" ಎಂದಳು ಗಂಗಮ್ಮ ಹಿಂದಿನಿಂದ. ತಾಯಿಯ ಬೆನ್ನ ಮೇಲೆ ಕೂತು ಅವಳೂ ಬರುತ್ತಿದ್ದಳು. "ಅಭ್ಯಾಸ ಮಾಡ್ಕಳ್ತವ್ರೆ. ನಾಕು ದಿನದಾಗೆ ಆಯ್ತದಂತೆ."

ಜನ ನಕ್ಕರು. ನಾನು ಗೌಡರ ಮನೆಯ ಗೊಬ್ಬರದ ಗಾಡಿಗೆ ಒಂದು ಸಲ, ಕೊಳಾಯಿ ಕಟ್ಟೆಗೆ ಒಂದು ಸಲ ಡಿಕ್ಕಿ ಹೊಡೆದೆ. ಕಡೆಗೆ ಕೆಸರಿನ ಗುಂಡಿಯಲ್ಲಿ ಮುಂದಿನ ಚಕ್ರ ಹೂತು ನಿಂತಿತು. ಅರ್ಧ ಫರ್ಲಾಂಗೂ ಬಂದಿರಲಿಲ್ಲ. ಅಂಗೈಯ ಚರ್ಮ ಕಿತ್ತಿತ್ತು, ಬೆವರು ಕಣ್ಣಿಗಿಳಿದಿತ್ತು. ಒರೆಸಿಕೊಳ್ಳಲು ಇನ್ನೊಂದು ಕೈ ಇರಲಿಲ್ಲ.

"ಸಾಕೇನಮ್ಮ?" ಎಂದೆ.

"ನಾನು ಇದ್ರಾಗೆ ಎಷ್ಟು ದಿನ ಒದ್ದಾಡಿದೀನಿ ಗೊತ್ತಾ? ಆ ಕೋಳಿ ಕೂರೋ ತಂಕ ದಿನಾ. ಈ ಗುಂಡಿ ತಂಕ ನಾನೂ ಬಂದೀನಿ. ಇಲ್ಲಿಂದ ಮುಂದಕ್ಕೆ ಒಂದು ದಿನಾನೂ ಹೋಗಿಲ್ಲ."

ಈಗ ಯಾರೂ ನಗುತ್ತಿರಲಿಲ್ಲ. ಅವಳೇ, "ಬಿಚ್ಚವ್ವ ಟವಲ್ಲ. ಮಧ್ಯಾಹ್ನ ಆಗ್ತಾ ಬಂತು, ಇವನಿಗೆ ಕೆಲಸ ಐತೆ" ಎಂದಳು.

ಅಲ್ಲೇ ರಸ್ತೆಯ ಬದಿಯಲ್ಲಿ, ಸಣ್ಣ ಹನಿ ಬೀಳುತ್ತಿದ್ದಾಗಲೇ, ಪೆಡಲನ್ನು ಎಡಕ್ಕೆ ಹಾಕಿದೆ. ಹೊಸ ಫ್ರೀವೀಲು ತಿರುಚಿ ಕೂರಿಸುವಾಗ ಅದು ಎಷ್ಟು ಚೆನ್ನಾಗಿ ಕಚ್ಚಿಕೊಂಡಿತೆಂದರೆ, ಅದನ್ನು ಮಾಡಿದ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿದೆ. ಎಲ್ಲೋ ಕೂತು, ಯಾವುದೋ ಊರಿನ ಎಡಗೈಯವರಿಗಾಗಿ ಅವನು ಅದನ್ನು ಬೇರೆಯಾಗಿ ಕಡೆದಿದ್ದ. ಚೌಕಟ್ಟು ಸೊಟ್ಟ ಆಗಿದ್ದ ಕಡೆ ಬಡಿದು ನೇರ ಮಾಡಿ, ಸೀಟಿನ ಎತ್ತರ ಎಷ್ಟಿರಲಿ ಎಂದು ಅವಳನ್ನೇ ಕೇಳಿ, ಅವಳು ಇನ್ನೊಂದು ಬೆರಳು ಕೆಳಗೆ ಅಂದರೆ ಕೆಳಗೆ, ಮೇಲೆ ಅಂದರೆ ಮೇಲೆ ಮಾಡಿ ಮುಗಿಸುವಾಗ ನಾಲ್ಕೂವರೆ.

"ಹ್ಯಾಂಡಲು ಹೆಂಗಮ್ಮ ಹಿಡಿತೀಯ, ಬಲಗೈಲಿ ಶಕ್ತಿ ಇಲ್ವಲ್ಲ?" ಎಂದು ಕೇಳಿದೆ.

"ಹಿಂಗೆ" ಎಂದು ಬಲಗೈಯನ್ನು ಎತ್ತಿ ಹ್ಯಾಂಡಲಿನ ಮೇಲೆ ಇಟ್ಟು ಭುಜ ಒರಗಿಸಿದಳು. "ತಿರ್ಗಿಸಕೆ ಶಕ್ತಿ ಬೇಡ, ಭಾರ ಸಾಕು. ಮೊದ್ಲೇ ಕೇಳಿದ್ರೆ ಹೇಳ್ತಿದ್ದೆ."

ಹೊರಟಳು. ಎಡಗೈ ಒಂದು ಸುತ್ತು ಹಾಕಿತು, ಗಾಡಿ ಮುಂದಕ್ಕೆ ಹೋಯಿತು. ಗುಂಡಿಯನ್ನು ಬಳಸಿಕೊಂಡು ಹೋದಳು. ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ ಹೆಂಗಸರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬಳು ಅಜ್ಜಿ, "ನಿಧಾನ ಕಣೇ ಗಂಗೂ" ಎಂದು ಕೂಗಿದರೆ, "ನಿಧಾನ ಹೋದ್ರೆ ನಿನ್ ಹಾಲಿನಾಗೆ ನೀರು ಬೆರ್ಸೋಕೆ ಟೈಮ್ ಸಿಕ್ತದೆ ಅಜ್ಜಿ" ಎಂದು ಇವಳು ಕೂಗಿದಳು. ಡೈರಿಯ ಬಾಗಿಲಲ್ಲಿ ಮರುಳಪ್ಪ ಗೋಡೆ ಗಡಿಯಾರ ನೋಡಿದ. 'ಐದಕ್ಕೆ ಇನ್ನೂ ಆರು ನಿಮಿಷ ಐತೆ' ಎಂದು ಕಮಿಟಿಯವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ, ಟೆಸ್ಟರ್ ಮೇಜನ್ನು ಎಡಗೈಗೆ ಎಟಕುವ ಹಾಗೆ ತಿರುಗಿಸಿಟ್ಟ.

ನಾನು ಹೊರಗಿನ ಕಲ್ಲಿನ ಮೇಲೆ ಕೂತು ನೋಡಿದೆ. ಒಂದೊಂದೇ ಕ್ಯಾನಿನಿಂದ ಸ್ಯಾಂಪಲ್ ತೆಗೆಯುತ್ತಿದ್ದಳು, ನೋಡುತ್ತಿದ್ದಳು, ಆ ಚೆಂದದ ಅಕ್ಷರದಲ್ಲಿ ಬರೆಯುತ್ತಿದ್ದಳು. ಹೊನ್ನಮ್ಮ ನನಗೆ ಒಂದು ಲೋಟ ಬಿಸಿ ಹಾಲು ತಂದುಕೊಟ್ಟಳು. ಎಡ ಅಂಗೈ ಉರಿಯುತ್ತಿದ್ದರಿಂದ ಬಲಗೈಯಲ್ಲೇ ಹಿಡಿದು ಕುಡಿದೆ. ಎಲ್ಲ ಸರಿಯಾಯಿತು, ಕಡೆಯ ಬಸ್ಸಿಗೆ ಹೊರಡೋಣ ಎಂದು ಎದ್ದು, "ಬರ್ತೀನಮ್ಮ" ಎಂದೆ.

ಗಂಗಮ್ಮ ಪುಸ್ತಕದಿಂದ ತಲೆ ಎತ್ತಲಿಲ್ಲ. "ಎಡ ಅಂತ ಬರ್ಸಿದ್ದೋರು ಮೂರು ಜನ ಅಂದ್ಯಲ್ಲ. ಇನ್ನಿಬ್ರು ಯಾರು?"

ನಿಂತಲ್ಲೇ ನಿಂತೆ. ಆ ಒಂಬತ್ತು ದಿನದಲ್ಲಿ ಅವರಿಬ್ಬರನ್ನು ನಾನು ಒಂದು ಸಲವೂ ನೆನೆದಿರಲಿಲ್ಲ. ನನಗೆ ನೋವು ಕೊಟ್ಟದ್ದು ಗಂಗಮ್ಮನ ಮುಖ, ಕಣ್ಣಿಗೆ ಬೀಳದವರ ಕೈಯಲ್ಲ. ಈ ಬರಹದಲ್ಲಿ ಒಪ್ಪಿಕೊಳ್ಳಲು ಹೊರಟಿದ್ದು ಹೆಚ್ಚಾಗಿ ಇದನ್ನೇ.

"ಒಬ್ಬರು ಕುಣಿಗಲ್ ರಸ್ತೆಯ ಒಂದು ಹಳ್ಳೀಲಿ, ವಯಸ್ಸಾದೋರು. ಇನ್ನೊಬ್ಬ ಗುಬ್ಬಿ ಹತ್ರ, ದರ್ಜಿ" ಎಂದೆ. "ಅವ್ರಿಗೆ ಹಾಕೋಕೆ ಸಾಮಾನಿಲ್ಲ. ಕಂಪ್ನಿಗೆ ಬರೆದು ತರಿಸ್ಬೇಕು. ಹಬ್ಬ ಕಳೀಲಿ, ಹೋಗಿ ಹೇಳಿ ಬರ್ತೀನಿ."

"ನಾಡಿದ್ದು ಬೆಳಗಿನ ಹಾಲು ಮುಗಿಸ್ತೀನಿ, ನಾನೂ ಬತ್ತೀನಿ. ನೀನೊಬ್ನೇ ಹೋದ್ರೆ ಮತ್ತೆ ಕಂಪ್ನಿ ಮೇಲೆ ಹಾಕ್ಬಿಡ್ತೀಯ."

"ಗಾಡಿ ಹೆಂಗಮ್ಮ ಬರುತ್ತೆ ಅಷ್ಟು ದೂರ? ಬಸ್ಸಿನಾಗೆ ಹಿಡಿಸಲ್ಲ."

ಗಂಗಮ್ಮ ಮುಂದಿನ ಕ್ಯಾನಿನ ಮುಚ್ಚಳ ತೆಗೆದು, ಸ್ಯಾಂಪಲ್ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಬಸ್ಸಿನ ಮೇಲಕ್ಕೆ ಎತ್ತಿ ಕಟ್ಟು" ಎಂದಳು. "ನಿಂಗೆ ಎರಡು ಕೈಯೂ ನೆಟ್ಟಗೆ ಅವೆಯಲ್ಲ."